ಕಾರ್ಪೆಟ್ ಮೇಲೆ ಚೆಲ್ಲಿದ ಸಾಂಬಾರ್ ಸೋಪು ಹಾಕಿದರೆ ಕೆಂಪಾಗುವುದೇಕೆ, ಒಣಗಿದ ಮೇಲೆ ಮತ್ತೆ ಮೇಲೇಳುವುದೇಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಚಿಕ್ಕಬಳ್ಳಾಪುರದ ಬಾಡಿಗೆ ಮನೆಯಲ್ಲಿ ಹಾಸಿದ್ದ ತಿಳಿಬಣ್ಣದ ಕಾರ್ಪೆಟ್ ಮೇಲೆ ಸಾಂಬಾರ್ ಚೆಲ್ಲಿತು. ಬಟ್ಟೆ ಸೋಪು ಹಾಕಿ ಬ್ರಷ್‌ನಿಂದ ಉಜ್ಜಿದಿರಿ, ಹಳದಿ ಕಲೆ ಕೆಂಪಾಯಿತು. ನೀರು ಸುರಿದು ಒರೆಸಿದಾಗ ಹೋದಂತೆ ಕಂಡಿತು, ಮರುದಿನ ಒಣಗಿದಾಗ ಮೊದಲಿಗಿಂತ ಅಗಲವಾಗಿ ಎದ್ದಿತು. ಈಗ ಬ್ಲೀಚ್ ಹಾಕಲೇ ಎಂದು ಕೇಳಿದ್ದೀರಿ.

ಬ್ಲೀಚ್ ಬೇಡವೇ ಬೇಡ. ಬಾಟಲಿ ತಂದಿದ್ದರೆ ಮುಚ್ಚಳ ಬಿಗಿಮಾಡಿ ಬಚ್ಚಲುಮನೆಗೆ ಸೇರಿಸಿ. ನಿಮ್ಮ ಕಲೆ ಇನ್ನೂ ಹೋಗುವ ಸ್ಥಿತಿಯಲ್ಲಿಯೇ ಇದೆ.

ಚಿಂತಾಮಣಿಯಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಪಾತ್ರೆ, ಜಮಖಾನ, ಕಾರ್ಪೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ ಮುಗಿಸಿ ಬರುವ ಹಾಸುಗಳ ಮೇಲೆ ಸಾಂಬಾರ್, ಪಾಯಸ, ಕಾಫಿ, ತುಪ್ಪ, ಎಲೆ ಅಡಿಕೆ, ಕುಂಕುಮ ಎಲ್ಲವೂ ಇರುತ್ತವೆ. ಮುಂದಿನ ಮುಹೂರ್ತಕ್ಕೆ ಅವನ್ನೇ ಮತ್ತೆ ಹಾಸಬೇಕು, ಹೊಸ ಸಂಬಂಧಿಕರು ಅವುಗಳ ಮೇಲೆಯೇ ಕೂರಬೇಕು. ಹೀಗೆ ದಿನವೂ ಕಲೆಗಳ ಜೊತೆಗೆ ಏಗುವವನಾಗಿ ಮೊದಲು ಹೇಳುವ ಮಾತು ಇದು: ಕಾರ್ಪೆಟ್‌ಗೆ ಏನನ್ನೇ ಹಾಕಿ, ನೀರಿರಲಿ, ಸೋಪಿರಲಿ, ವಿನೆಗರ್ ಇರಲಿ, ಹಾಕಿದ್ದನ್ನು ಪೂರ್ತಿ ಹೊರಗೆ ತೆಗೆಯಬೇಕು. ತೆಗೆಯಲು ಆಗದಷ್ಟನ್ನು ಹಾಕಬಾರದು. ಬಟ್ಟೆಯಾದರೆ ಹಿಂಡಬಹುದು, ಕಾರ್ಪೆಟನ್ನು ಹಿಂಡಲು ಬರುವುದಿಲ್ಲ.

ಮೊದಲು ಆ ಕೆಂಪಿನ ವಿಚಾರ. ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ನೀರು ಕೆಂಪೇರುವುದನ್ನು ನೋಡಿಯೇ ಇರುತ್ತೀರಿ. ನಿಮ್ಮ ಕಾರ್ಪೆಟ್ ಮೇಲೆ ನಡೆದದ್ದೂ ಅದೇ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಹುಳಿ ತಗುಲಿದರೆ ಹಳದಿಗೆ ಮರಳುತ್ತದೆ. ಸುಣ್ಣದಂತೆ ಬಟ್ಟೆ ಸೋಪಿನಲ್ಲೂ ಕ್ಷಾರವಿದೆ. ಆದ್ದರಿಂದ ಕೆಂಪು ಕಂಡು ಗಾಬರಿಯಾಗಬೇಡಿ. ಆದರೆ ಅದು ಒಂದು ಸುಳಿವು ಕೊಡುತ್ತಿದೆ: ಒಣಗಿದ ಮೇಲೂ ಕಲೆ ಕೆಂಪಾಗಿಯೇ ಉಳಿದಿದ್ದರೆ, ನೀವು ಹಾಕಿದ ಸೋಪು ಇನ್ನೂ ಎಳೆಗಳ ಬುಡದಲ್ಲಿ ಕುಳಿತಿದೆ.

ಮರುದಿನ ಅಗಲವಾಗಿ ಎದ್ದದ್ದಕ್ಕೆ ಕಾರಣ ನೀರು. ಸುರಿದ ನೀರು ಅರಿಶಿನ, ಎಣ್ಣೆ, ಸೋಪು ಮೂರನ್ನೂ ಹೊತ್ತುಕೊಂಡು ಕಾರ್ಪೆಟ್‌ನ ತಳಕ್ಕೆ ಇಳಿದು ಅಲ್ಲಿ ಹರಡಿತು. ಗಾಳಿ ತಾಗುವುದು ಮೇಲ್ಭಾಗಕ್ಕೆ, ಆದ್ದರಿಂದ ಮೊದಲು ಆರುವುದೂ ಅದೇ. ಮೇಲೆ ಆರುತ್ತಿದ್ದಂತೆ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಕೆಳಗಿನ ನೀರು ಎಳೆ ಹಿಡಿದು ಮೇಲೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಬಣ್ಣ ಎಳೆಯ ತುದಿಯಲ್ಲಿ ನಿಲ್ಲುತ್ತದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೊಂದು ತೊಡಕಿದೆ, ಇದನ್ನು ಬೇರೆ ಊರಿನವರ ಸಲಹೆಗಳಲ್ಲಿ ಕಾಣುವುದಿಲ್ಲ. ವರ್ಷವಿಡೀ ಹರಿಯುವ ನದಿ ನಮಗಿಲ್ಲ, ಬಹುಪಾಲು ಮನೆಗಳಿಗೆ ಬರುವುದು ಆಳದ ಕೊಳವೆ ಬಾವಿಯ ಗಡಸು ನೀರು. ನಲ್ಲಿಯ ಬಾಯಿಗೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಈ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಟ್ಟೆ ಸೋಪಿನ ಜೊತೆ ಸೇರಿದರೆ ನೊರೆಯ ಬದಲು ಜಿಗುಟಾದ ಗಸಿ ಆಗುತ್ತದೆ. ಆ ಗಸಿ ನೀರಿನಲ್ಲಿ ಕರಗುವುದಿಲ್ಲ. ಎಳೆಗಳಿಗೆ ಮೆತ್ತಿಕೊಂಡು, ಓಡಾಡುವವರ ಕಾಲಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದ ಜಾಗವೇ ತಿಂಗಳೊಳಗೆ ಸುತ್ತಲಿನದಕ್ಕಿಂತ ಕಪ್ಪಾಗುವುದು ಹೀಗೆ. ಆದ್ದರಿಂದ ಕಾರ್ಪೆಟ್‌ಗೆ ಸೋಪಿನ ಬಿಲ್ಲೆ ಮುಟ್ಟಿಸಬೇಡಿ, ಪಾತ್ರೆ ತೊಳೆಯುವ ದ್ರವ ಬಳಸಿ, ಗಡಸು ನೀರಿನಲ್ಲಿ ಅದು ಗಸಿ ಕಟ್ಟುವುದಿಲ್ಲ. ಕೊನೆಯ ಸುತ್ತಿಗೆ ಮಾತ್ರ ಬೀದಿಯ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನು ಉಪಯೋಗಿಸಿ. ಒಂದು ಕಲೆಗೆ ಎರಡು ಮೂರು ಲೋಟ ಸಾಕು. ಮನೆಯ ಫಿಲ್ಟರ್ ಹೊರಹಾಕುವ ನೀರು ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಮುಂದುವರಿಯುವ ಮೊದಲು ಕಾರ್ಪೆಟ್ ಯಾವುದರದ್ದು ಎಂದು ತಿಳಿಯಬೇಕು. ಹಿಂಬದಿಯಲ್ಲಿ ಚೀಟಿ ಇಲ್ಲದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ ಅಥವಾ ಸೆಣಬು. ಕರಗಿ ಗಟ್ಟಿ ಮಣಿಯಾದರೆ ಪಾಲಿಪ್ರೊಪಿಲೀನ್, ನೈಲಾನ್, ಪಾಲಿಯೆಸ್ಟರ್‌ನಂಥ ಕೃತಕ ನೂಲು. ಇಂದು ಕಡಿಮೆ ಬೆಲೆಗೆ ಸಿಗುವ ಕಾರ್ಪೆಟ್‌ಗಳಲ್ಲಿ ಹೆಚ್ಚಿನವು ಈ ಕೊನೆಯ ಬಗೆಯವು. ಇದು ನಿಮಗೆ ಒಳ್ಳೆಯದೇ, ಪಾಲಿಪ್ರೊಪಿಲೀನ್ ನೀರಿನ ಬಣ್ಣಗಳನ್ನು ಅಷ್ಟಾಗಿ ಹೀರುವುದಿಲ್ಲ. ಎಣ್ಣೆಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಉಣ್ಣೆ, ರೇಷ್ಮೆಯಾದರೆ ಎಚ್ಚರಿಕೆ ಹೆಚ್ಚಬೇಕು. ಶಿಡ್ಲಘಟ್ಟದ ಕಡೆಯವರಿಗೆ ಹೇಳಬೇಕಿಲ್ಲ, ರೇಷ್ಮೆ ನೂಲಿನ ಮೇಲಿನ ಅಂಟನ್ನು ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ತೆಗೆಯುತ್ತಾರೆ. ಆ ಅಂಟು ಒಂದು ಪ್ರೋಟೀನ್. ಉಣ್ಣೆಯೂ ಪ್ರೋಟೀನೇ. ಅಂಟನ್ನು ಕರಗಿಸುವ ಕ್ಷಾರ ಉಣ್ಣೆಯನ್ನೂ ಕೆಡಿಸುತ್ತದೆ. ಬ್ಲೀಚಂತೂ ಉಣ್ಣೆಯ ಎಳೆಯನ್ನು ತಿಂದೇ ಹಾಕುತ್ತದೆ. ಕಿಣ್ವ ಇರುವ ಬಟ್ಟೆ ಪುಡಿಯೂ ಉಣ್ಣೆಗೆ ಆಗದು.

ಈಗ ನಿಮ್ಮ ಕಲೆ. ಒಂದು ಹಳೆಯ ಬಿಳಿ ಪಂಚೆ ಹುಡುಕಿ. ಬಣ್ಣದ ಟವೆಲ್ ಬೇಡ, ಅದರ ಬಣ್ಣ ಕಾರ್ಪೆಟ್‌ಗೆ ಇಳಿದೀತು, ಎಷ್ಟು ಕಲೆ ಹೊರಬಂತು ಎನ್ನುವುದೂ ಅದರಲ್ಲಿ ಕಾಣುವುದಿಲ್ಲ. ಸಾಂಬಾರಿನಲ್ಲಿ ಒಗ್ಗರಣೆಯ ಎಣ್ಣೆ ಇರುತ್ತದೆ, ಅರಿಶಿನದ ಬಣ್ಣ ಕರಗಿರುವುದು ಆ ಎಣ್ಣೆಯಲ್ಲಿಯೇ. ಆದ್ದರಿಂದ ಎಣ್ಣೆ ಹೋಗದೆ ಹಳದಿ ಹೋಗುವುದಿಲ್ಲ. ಎರಡು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ. ಮೊದಲು ಸೋಫಾ ಕೆಳಗೆ ಅಡಗುವ ಒಂದು ಮೂಲೆಗೆ ಹಚ್ಚಿ, ಬಿಳಿ ಬಟ್ಟೆ ಒತ್ತಿ ನೋಡಿ. ಕಾರ್ಪೆಟ್‌ನ ಬಣ್ಣ ಬಿಡದಿದ್ದರೆ ಮುಂದುವರಿಯಿರಿ.

ದ್ರವವನ್ನು ಕಲೆಯ ಮೇಲೆ ಸುರಿಯಬೇಡಿ. ಪಂಚೆಯ ತುದಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ತಟ್ಟುತ್ತಾ ಬನ್ನಿ. ಐದು ನಿಮಿಷ ಬಿಡಿ. ಆಮೇಲೆ ಪಂಚೆಯ ಒಣ ಭಾಗವನ್ನು ನಾಲ್ಕು ಮಡಿಕೆ ಮಾಡಿ ಕಲೆಯ ಮೇಲಿಟ್ಟು, ಅಂಗೈಯಿಂದ ಮೈಭಾರ ಬಿಟ್ಟು ಒತ್ತಿ. ಎತ್ತಿದಾಗ ಪಂಚೆಯ ಮೇಲೆ ಎಣ್ಣೆಯ ಅಂಚಿರುವ ಹಳದಿ ಅಚ್ಚು ಮೂಡಿರುತ್ತದೆ. ಮಡಿಕೆ ತಿರುಗಿಸಿ, ಶುಭ್ರ ಭಾಗ ಒಡ್ಡಿ, ಮತ್ತೆ ಒತ್ತಿ. ಅಚ್ಚು ತೆಳುವಾಗುತ್ತಾ ಬರುತ್ತದೆ. ಪಂಚೆ ಬರಿಯ ಒದ್ದೆಯಾಗಿ, ಬಣ್ಣವಿಲ್ಲದೆ ಎದ್ದು ಬರುವವರೆಗೆ ಇದನ್ನೇ ಮಾಡಿ. ಬ್ರಷ್ ಹಾಕಿ ಉಜ್ಜುವುದರಿಂದ ಎಳೆಯ ತುದಿ ಬಿಚ್ಚಿಕೊಂಡು ಜುಂಗಾಗುತ್ತದೆ, ಕಲೆ ಹೋದರೂ ಆ ಜಾಗ ಬೇರೆಯಾಗಿಯೇ ಕಾಣುತ್ತದೆ.

ನಂತರ ಬರಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಇದೇ ರೀತಿ ಸೋಪಿನಂಶ ತೆಗೆಯಿರಿ. ಆಮೇಲೆ ಒಂದು ಲೋಟ ಬಿಳಿ ವಿನೆಗರ್‌ಗೆ ಎರಡು ಲೋಟ ನೀರು ಬೆರೆಸಿ ಹಚ್ಚಿ. ಕೆಂಪು ನಿಮ್ಮ ಕಣ್ಣೆದುರಿಗೇ ಹಳದಿಗೆ ತಿರುಗುತ್ತದೆ, ಉಳಿದ ಸೋಪಿನ ಕ್ಷಾರವೂ ಸತ್ವ ಕಳೆದುಕೊಳ್ಳುತ್ತದೆ. ನಿಂಬೆಹಣ್ಣು ಬಳಸಬಹುದೇ ಎಂದು ಕೇಳುವವರಿದ್ದಾರೆ. ಬಳಸಬಹುದು, ಆದರೆ ಅದರ ತಿರುಳು, ಸಕ್ಕರೆಯ ಅಂಶ ಉಳಿದರೆ ಅಂಟಾಗುತ್ತದೆ, ವಿನೆಗರ್‌ಗೆ ಆ ತೊಂದರೆಯಿಲ್ಲ. ಒತ್ತಿ ಹೀರಿಸಿ, ಕೊನೆಗೆ ಕ್ಯಾನ್ ನೀರಿನಿಂದ ಒಂದು ಸುತ್ತು ಮುಗಿಸಿ, ಮತ್ತೆ ಒತ್ತಿ.

ಆಮೇಲಿನ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಒಣ ಬಿಳಿ ಬಟ್ಟೆಯನ್ನು ದಪ್ಪ ಮಡಿಕೆಯಾಗಿ ಕಲೆಯ ಮೇಲಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೀರು ತುಂಬಿದ ಸ್ಟೀಲ್ ಬಿಂದಿಗೆ ಇಟ್ಟು ರಾತ್ರಿಯಿಡೀ ಬಿಡಿ. ತಳದಿಂದ ಮೇಲೇರುವ ನೀರು ಈಗ ಎಳೆಯ ತುದಿಯಲ್ಲಿ ನಿಲ್ಲದೆ ಬಟ್ಟೆಗೆ ಇಳಿಯುತ್ತದೆ. ಬೆಳಿಗ್ಗೆ ಎತ್ತಿದರೆ ಬಟ್ಟೆಯ ಕೆಳಮಡಿಕೆಯಲ್ಲಿ ಹಳದಿ ಕಾಣಬಹುದು, ಅದು ಕಾರ್ಪೆಟ್ ಮೇಲೆ ಮತ್ತೆ ಮೂಡಬೇಕಾಗಿದ್ದ ಕಲೆ.

ಇಷ್ಟಾದ ಮೇಲೂ ಮಸುಕು ಹಳದಿ ಉಳಿಯಬಹುದು. ಅದಕ್ಕೆ ಮದ್ದು ಬಿಸಿಲು. ಕರ್ಕ್ಯುಮಿನ್ ಬೆಳಕಿಗೆ ನಿಲ್ಲುವುದಿಲ್ಲ. ಕಾರ್ಪೆಟನ್ನು ಮಾಳಿಗೆಗೆ ಒಯ್ದು, ಕಲೆಯ ಭಾಗ ಮಾತ್ರ ಬಿಸಿಲಿಗೆ ತೆರೆದಿಟ್ಟು, ಉಳಿದ ಭಾಗವನ್ನು ಹಳೆಯ ಬೆಡ್‌ಶೀಟ್‌ನಿಂದ ಮುಚ್ಚಿ. ಮುಚ್ಚದಿದ್ದರೆ ಕಾರ್ಪೆಟ್‌ನ ಬಣ್ಣವೂ ಮಾಸುತ್ತದೆ. ಎರಡು ಮೂರು ದಿನದ ಒಳ್ಳೆಯ ಬಿಸಿಲಿಗೆ ಹಳದಿ ಬಹುಮಟ್ಟಿಗೆ ಕರಗಿಹೋಗುತ್ತದೆ. ನಮ್ಮ ಅಂಗಡಿಯ ಹಿಂದಿನ ಅಂಗಳದಲ್ಲಿ ಬೇಸಿಗೆಯಿಡೀ ನಡೆಯುವ ಕೆಲಸವೇ ಇದು.

ಬಿಸಿಲು ಸಿಗದಿದ್ದರೆ, ಕೃತಕ ನೂಲಿನ ತಿಳಿಬಣ್ಣದ ಕಾರ್ಪೆಟ್‌ಗೆ ಮಾತ್ರ, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಬಾಟಲಿಯಲ್ಲಿ ಶೇಕಡಾ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿ ಶೇಕಡಾ 3ಕ್ಕೆ ಇಳಿಸಿ, ಮೂಲೆಯಲ್ಲಿ ಪರೀಕ್ಷಿಸಿ, ಹಚ್ಚಿ, ಅರ್ಧ ಗಂಟೆಯ ನಂತರ ನೀರಿನಿಂದ ತೆಗೆಯಿರಿ. ವಿನೆಗರ್ ಜೊತೆ ಒಂದೇ ಪಾತ್ರೆಯಲ್ಲಿ ಬೆರೆಸಬೇಡಿ, ಎರಡರ ನಡುವೆ ನೀರಿನ ಸುತ್ತು ಇರಲೇಬೇಕು.

ಬೆರೆಸುವ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ನೊರೆ ಬರಿಸುವ ವಿಡಿಯೋಗಳು ಮೊಬೈಲಿನಲ್ಲಿ ತುಂಬಿವೆ. ನೋಡಲು ಚೆನ್ನ. ಆದರೆ ಹುಳಿ, ಕ್ಷಾರ ಎರಡೂ ಒಂದನ್ನೊಂದು ಕೊಂದುಕೊಂಡು ಉಪ್ಪುನೀರು ಉಳಿಯುತ್ತದೆ. ವಿನೆಗರ್ ತನ್ನಷ್ಟಕ್ಕೆ ಉಪಯುಕ್ತ, ಒಣ ಸೋಡಾ ವಾಸನೆ ಹೀರಲು ಉಪಯುಕ್ತ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನೆಗರ್ ಜೊತೆ ಸೇರಿಸುವುದು ಪ್ರಾಣಕ್ಕೇ ಅಪಾಯ, ಕ್ಲೋರಿನ್ ಅನಿಲ ಏಳುತ್ತದೆ. ಮಗು ಉಚ್ಚೆ ಹೊಯ್ದ ಜಾಗಕ್ಕೂ ಬ್ಲೀಚ್ ಹಾಕಬಾರದು, ಅದರಲ್ಲಿನ ಅಮೋನಿಯಾ ಸೇರಿ ಇನ್ನೊಂದು ವಿಷಾನಿಲವಾಗುತ್ತದೆ. ಉಚ್ಚೆಯನ್ನು ಬೇಗ ಒತ್ತಿ ಹೀರಿಸಿ, ತಣ್ಣೀರು, ಆಮೇಲೆ ವಿನೆಗರ್ ನೀರು ಹಚ್ಚಿ, ಒಣಗಿದ ಮೇಲೆ ಸೋಡಾ ಉದುರಿಸಿ ಮರುದಿನ ಗುಡಿಸಿ.

ಇನ್ನುಳಿದ ಕಲೆಗಳನ್ನು ಕೇಳದಿದ್ದರೂ ಹೇಳಿಬಿಡುತ್ತೇನೆ, ಕಾರ್ಪೆಟ್ ಇರುವ ಮನೆಯಲ್ಲಿ ಅವೂ ಬಂದೇ ಬರುತ್ತವೆ. ತುಪ್ಪ, ದೀಪದ ಎಣ್ಣೆ ಚೆಲ್ಲಿದರೆ ನೀರು ಮುಟ್ಟಿಸುವ ಮೊದಲು ಮೈಗೆ ಹಾಕುವ ಪೌಡರನ್ನೋ ಕಾರ್ನ್‌ಫ್ಲೋರನ್ನೋ ದಪ್ಪವಾಗಿ ಉದುರಿಸಿ ಕೆಲವು ಗಂಟೆ ಬಿಟ್ಟು ತೆಗೆಯಿರಿ. ಕಾಫಿಯಲ್ಲಿ ಹಾಲಿರುವುದರಿಂದ ಬಿಸಿನೀರು ಬೇಡ, ಹಾಲಿನ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ತಣ್ಣೀರು, ಪಾತ್ರೆ ದ್ರವ, ವಿನೆಗರ್ ನೀರು, ಇದೇ ಕ್ರಮ. ರಕ್ತಕ್ಕೂ ತಣ್ಣೀರೇ. ಕುಂಕುಮ ಬಿದ್ದರೆ ಒದ್ದೆ ಕೈಯಿಂದ ಮುಟ್ಟಲೇಬೇಡಿ. ಈಗಿನ ಕುಂಕುಮದಲ್ಲಿ ಕೃತಕ ಬಣ್ಣವಿದ್ದರೆ ಒಂದು ಹನಿ ನೀರಿಗೇ ಅಂಗೈಯಗಲ ಹರಡುತ್ತದೆ. ಒಣಗಿದ್ದಾಗಲೇ ವ್ಯಾಕ್ಯೂಮ್‌ನಿಂದಲೋ ಅಂಟು ಟೇಪಿನಿಂದಲೋ ಎತ್ತಬೇಕು. ಎಲೆ ಅಡಿಕೆಯ ರಸ ಎಲ್ಲಕ್ಕಿಂತ ಹಠಮಾರಿ. ವಿನೆಗರ್, ಆಮೇಲೆ ಪೆರಾಕ್ಸೈಡ್ ಹಾಕಿದರೆ ತಿಳಿಯಾಗುತ್ತದೆ, ಹಳೆಯದಾದರೆ ಪೂರ್ತಿ ಹೋಗುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಮೇಣ ಬಿದ್ದರೆ ಐಸ್ ಇಟ್ಟು ಗಟ್ಟಿ ಮಾಡಿ ಚಮಚದ ಹಿಡಿಯಿಂದ ಕೆರೆಯಿರಿ. ಕಾಗದ ಇಟ್ಟು ಇಸ್ತ್ರಿ ಮಾಡುವ ಉಪಾಯ ಕೃತಕ ನೂಲಿಗೆ ಬೇಡ, ನೂಲೇ ಕರಗುತ್ತದೆ. ಕೆಮ್ಮಣ್ಣಿನ ಕೆಸರು ಮೆತ್ತಿದರೆ ತಾಳ್ಮೆಯಿಂದ ಒಣಗಲು ಬಿಡಿ, ಒಣಗಿದ ಮಣ್ಣು ಬಡಿದರೆ ಉದುರುತ್ತದೆ.

ಜಮಖಾನವಾದರೆ ಇಷ್ಟು ನಾಜೂಕು ಬೇಕಿಲ್ಲ, ಬಣ್ಣ ಬಿಡದ ಹತ್ತಿಯದ್ದನ್ನು ಕಲ್ಲಿನ ಮೇಲೆ ಹಾಕಿಯೇ ಒಗೆಯಬಹುದು. ಕುರಿ ಉಣ್ಣೆಯ ಕಂಬಳಿಯನ್ನು ಮಾತ್ರ ವಾಷಿಂಗ್ ಮಷೀನಿಗೆ ಹಾಕಬೇಡಿ. ಬಿಸಿನೀರಿನಲ್ಲಿ ತಿರುಗಿದ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಇಡೀ ಕಾರ್ಪೆಟ್ ತೊಳೆಯುವ ಆಲೋಚನೆ ಇದ್ದರೆ ಯುಗಾದಿಯ ಆಸುಪಾಸು ಮಾಡಿ. ನಮ್ಮಲ್ಲಿ ಹೆಚ್ಚು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೇಡ. ಒಂದೇ ದಿನದಲ್ಲಿ ತಳದವರೆಗೂ ಒಣಗದ ಕಾರ್ಪೆಟ್ ಮುಗ್ಗುಲು ವಾಸನೆ ಹಿಡಿಯುತ್ತದೆ, ತಳ ಸೆಣಬಿನದಾದರೆ ಕಂದು ಬಣ್ಣ ಮೇಲಕ್ಕೆ ಏರುತ್ತದೆ. ನೀರು ಹಾಕುವ ಮೊದಲು ಕಾಂಪೌಂಡ್ ಗೋಡೆಯ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಕೋಲಿನಲ್ಲಿ ಬಡಿಯಿರಿ. ಒಣ ಧೂಳು ಹೋಗದೆ ನೀರು ಬಿದ್ದರೆ ಅದೆಲ್ಲ ಕೆಸರಾಗಿ ಬುಡ ಸೇರುತ್ತದೆ.

ಇವತ್ತು ಮೊದಲು ಎಳೆ ಸುಟ್ಟು ನೋಡಿ, ಏನು ಕಂಡಿತೆಂದು ಇಲ್ಲೇ ಕೆಳಗೆ ಬರೆಯಿರಿ. ಕರಗಿ ಮಣಿಯಾದರೆ ಮೇಲೆ ಹೇಳಿದ್ದೆಲ್ಲವನ್ನೂ ಧೈರ್ಯವಾಗಿ ಮಾಡಿ. ಉಣ್ಣೆಯಾದರೆ ಪೆರಾಕ್ಸೈಡ್ ಬಿಟ್ಟು ವಿನೆಗರ್ ಮತ್ತು ಬಿಸಿಲಿಗೆ ನಿಲ್ಲಿಸಿ. ಕೈಯಿಂದ ಗಂಟು ಹಾಕಿ ನೇಯ್ದ ರೇಷ್ಮೆಯದಾದರೆ ಒಣ ಬಟ್ಟೆಯಿಂದ ಒತ್ತಿ, ಇನ್ನೇನೂ ಹಚ್ಚದೆ, ರೇಷ್ಮೆ ಕಾರ್ಪೆಟ್ ತೊಳೆದು ಅಭ್ಯಾಸವಿರುವವರ ಹತ್ತಿರ ಕೊಡಿ. ಕೊಡುವಾಗ ಸೋಪು ಹಾಕಿ ಉಜ್ಜಿದ್ದನ್ನು ಅವರಿಗೆ ಮುಚ್ಚಿಡದೆ ಹೇಳಿ, ಯಾವ ಹುಳಿ ಎಷ್ಟು ಬಳಸಬೇಕೆಂದು ಅವರು ತೀರ್ಮಾನಿಸುವುದು ಅದರ ಮೇಲೆಯೇ.