ಟೋಕಿಯೊದ ಪೆನ್ನು, ಕಾಗದದ ಬಗ್ಗೆ ಕೇಳಿದವರಿಗೆ

ಅಕ್ಟೋಬರಿನಲ್ಲಿ ಕೆಲಸಕ್ಕೆಂದು ಟೋಕಿಯೊಗೆ ಬರುತ್ತಿರುವುದಾಗಿ ಬರೆದಿದ್ದೀರಿ. ಇಲ್ಲಿಯ ಒಳ್ಳೆಯ ಪೆನ್ನು, ನೋಟ್‌ಬುಕ್ಕುಗಳನ್ನು ಎಲ್ಲಿ, ಹೇಗೆ ನೋಡಿ ಕೊಳ್ಳಬೇಕೆಂದೂ, ಅವಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆಯೇ ಎಂದೂ, ಮನೆ ಬಾಡಿಗೆ ಎಷ್ಟಾದೀತೆಂದೂ, ಮೊದಲ ಸಂಬಳದಲ್ಲಿ ಊರಿನಲ್ಲಿರುವ ತಂದೆಯವರಿಗೆ ಯಾವ ಪೆನ್ನು ಕಳಿಸಿದರೆ ಚೆನ್ನ ಎಂದೂ ಕೇಳಿದ್ದೀರಿ. ಬಾಡಿಗೆಯ ಲೆಕ್ಕವನ್ನು ನಿಮ್ಮ ಕಂಪನಿಯವರೇ ಹೇಳಲಿ. ಭಾರತೀಯರು ಹೆಚ್ಚಾಗಿರುವ ನಿಶಿಕಸಾಯಿ ಬಡಾವಣೆಯ ಕಡೆ ಮನೆ ಮಾಡಿದರೆ ತೊಗರಿಬೇಳೆ, ಹುಣಸೆಹಣ್ಣಿಗೆ ಪರದಾಡಬೇಕಿಲ್ಲ ಎಂಬುದಷ್ಟನ್ನು ನಾನು ಹೇಳಬಲ್ಲೆ. ಪೆನ್ನು, ಕಾಗದದ ವಿಷಯಕ್ಕೆ ಮಾತ್ರ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಆ ಕೊನೆಯ ಪ್ರಶ್ನೆಯನ್ನು ಯಾರನ್ನೂ ಕೇಳದೆ ಪೆನ್ನು ಕೊಟ್ಟು ಕೆಟ್ಟವಳು ನಾನು.

ನಾನು ಬಂದಿಳಿದದ್ದು 2009ರ ಸೆಪ್ಟೆಂಬರಿನಲ್ಲಿ. ಎರಡನೆಯ ಭಾನುವಾರ ದಾರಿ ಕೇಳುತ್ತ, ತಪ್ಪಿಸಿಕೊಳ್ಳುತ್ತ ಗಿಂಜಾದ ಇತೋಯಾ ಅಂಗಡಿಗೆ ಹೋದೆ. 1904ರಿಂದ ನಡೆಯುತ್ತಿರುವ ಅಂಗಡಿ ಅದು. ಈಗಿರುವ ಕಟ್ಟಡ 2015ರದ್ದು, ನಾನು ಮೊದಲು ಹತ್ತಿದ್ದು ಅದಕ್ಕೂ ಹಿಂದಿನದ್ದು, ಆದರೆ ಹೊರಗೆ ತೂಗುವ ಕೆಂಪು ಪೇಪರ್ ಕ್ಲಿಪ್ಪಿನ ಗುರುತು ಅಂದಿಗೂ ಇಂದಿಗೂ ಒಂದೇ. ಇಲ್ಲಿಯ ಅಂಗಡಿಗಳಲ್ಲಿ ಪ್ರತಿ ಪೆನ್ನಿನ ಸಾಲಿನ ಮುಂದೆಯೂ ಬರೆದು ನೋಡಲು ಒಂದು ಪುಟ್ಟ ಕಾಗದದ ಕಟ್ಟು ಇಟ್ಟಿರುತ್ತಾರೆ. ಎಲ್ಲರೂ ಅದರ ಮೇಲೆ ಸುರುಳಿ ಸುತ್ತಿ ಹೋಗಿದ್ದರು. ನಾನು ಹೊಸ ಪೆನ್ನು ಹಿಡಿದ ಕೂಡಲೇ ಕೈ ತಾನಾಗಿ ‘ಶ್ರೀ’ ಎಂದು ಬರೆಯಿತು. ಕೌಂಟರಿನ ಹಿಂದಿದ್ದ ಹೆಂಗಸು ಬಗ್ಗಿ ನೋಡಿ, ಇದು ಚಿತ್ರವೇ ಎಂದು ಕೇಳಿದರು, ಅಕ್ಷರ ಎಂದೆ. ನಾನು ಬರೆದಿದ್ದ ಹಾಳೆಯನ್ನು ಅವರು ಮಗುಚಿ, ಖಾಲಿ ಹಾಳೆಯನ್ನು ನನ್ನ ಕಡೆ ತಿರುಗಿಸಿಟ್ಟರು. ನೀವೂ ನಾಚಿಕೊಳ್ಳದೆ ಬರೆದು ನೋಡಿ. ಮತ್ತೊಂದು ತೋರಿಸಿ ಎಂದು ಕೇಳಿದರೆ ನಮ್ಮ ಊರಿನ ಅಂಗಡಿಯಂತೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ದುಬಾರಿ ಇಂಕ್ ಪೆನ್ನುಗಳನ್ನು ಮಾತ್ರ ನೀವಾಗಿ ಎತ್ತಿಕೊಳ್ಳಬೇಡಿ, ಅವರೇ ತೆಗೆದು ನಿಬ್ಬನ್ನು ಇಂಕಿನಲ್ಲಿ ಅದ್ದಿ ಕೊಡುತ್ತಾರೆ.

ಇಂಕ್ ಪೆನ್ನಿನಲ್ಲಿ ಇಲ್ಲಿ ಹಳೆಯ ಹೆಸರುಗಳು ಮೂರು: 1911ರ ಸೈಲರ್, 1918ರ ಪೈಲಟ್, 1919ರ ಪ್ಲಾಟಿನಂ. ಇವರ ನಿಬ್ಬಿನ ಮೇಲೆ ಎಫ್, ಅಂದರೆ ಫೈನ್, ಸಣ್ಣ ಗೆರೆಯದು, ಎಂದಿದ್ದರೆ ಅದು ಯೂರೋಪಿನ ಎಫ್‌ಗಿಂತ ಒಂದು ಅಳತೆ ಸಣ್ಣದು ಎಂದೇ ತಿಳಿಯಿರಿ, ಏಕೆಂದರೆ ಹದಿನೈದು ಇಪ್ಪತ್ತು ಗೆರೆಗಳ ಕಾಂಜಿ ಅಕ್ಷರವನ್ನು ಪುಟ್ಟ ಚೌಕದೊಳಗೆ ಕೂಡಿಸಬೇಕಾದವರು ಇವರು. ಇದು ಕನ್ನಡಕ್ಕೂ ಒದಗಿಬರುತ್ತದೆ: ‘ಲಕ್ಷ್ಮೀ’ ಎಂದು ಬರೆದು ನೋಡಿ, ದಪ್ಪ ನಿಬ್ಬಿನಲ್ಲಿ ಕ್ಷಕಾರದ ಹೊಟ್ಟೆಯೂ ಮಕಾರದ ಒತ್ತೂ ಕಲೆಸಿಹೋಗುತ್ತವೆ, ಇವರ ನಿಬ್ಬಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದರೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದು ಬೆಳೆದ ನಮ್ಮ ಕೈಗೆ ಚಿನ್ನದ ನಿಬ್ಬನ್ನು ಒಮ್ಮೆಲೇ ಕೊಡಬಾರದು. ಮೊದಲ ವರ್ಷಕ್ಕೆ ಪ್ಲಾಟಿನಂನವರ ಪ್ರೆಪ್ಪಿಯೋ, ಮಕ್ಕಳಿಗೆಂದು ಮಾಡಿದ, ನಿಬ್ಬಿನ ಮೇಲೆ ನಗುಮುಖ ಕೆತ್ತಿರುವ ಪೈಲಟ್‌ನ ಕಾಕುನೋ ಪೆನ್ನೋ ಸಾಕು. ಇವು ಅಗ್ಗದ ಪೆನ್ನುಗಳು ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ನೋಟ್‌ಬುಕ್ಕಿನಲ್ಲಿ ನೋಡಬೇಕಾದ್ದು ಗೆರೆಯ ಅಂತರ. ಕೊಕುಯೊದವರ ಕ್ಯಾಂಪಸ್ ನೋಟ್‌ಬುಕ್ಕಿನಲ್ಲಿ ಎ ಎಂದರೆ 7 ಮಿಲಿಮೀಟರ್, ಬಿ ಎಂದರೆ 6. ಮೇಲೆ ಗುಡಿಸು, ಕೆಳಗೆ ಒತ್ತು ಇರುವ ನಮ್ಮ ಬರಹಕ್ಕೆ ಎ ಇರುವುದನ್ನೇ ಕೊಳ್ಳಿ. ಬಿ ತಂದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, ಒಂದು ವರ್ಷದ ಟಿಪ್ಪಣಿಗಳನ್ನು ನಾನೇ ಓದಲಾರದೆ ಹೋದೆ. ಟೊಮೊಯೆ ರಿವರ್ ಎಂಬ ಪ್ರಸಿದ್ಧ ಕಾಗದ ಚದರ ಮೀಟರಿಗೆ 52 ಗ್ರಾಮಿನಷ್ಟೇ ತೆಳುವಾದರೂ ಇಂಕನ್ನು ಹಿಂಬದಿಗೆ ಇಳಿಯಗೊಡುವುದಿಲ್ಲ, ಆದರೆ ಇಂಕು ಒಣಗಲು ತಡವಾಗುವುದರಿಂದ ಪುಟ ಮಗುಚುವ ಅವಸರ ಉಳ್ಳವರಿಗೆ ಅದು ತಕ್ಕದ್ದಲ್ಲ.

ಅಂಗಡಿಗಳಿಗೆ ಕೊರತೆಯಿಲ್ಲ. ರಿಯಾಯಿತಿ ಬೇಕಿದ್ದರೆ ಶಿಂಜುಕುವಿನ ಸೆಕಾಯಿದೊ, ನಿಮಗೆ ಬೇಕಾದ ರಟ್ಟು, ಹಾಳೆ ಆರಿಸಿ ಕಣ್ಣೆದುರೇ ನೋಟ್‌ಬುಕ್ಕು ಕಟ್ಟಿಸಿಕೊಳ್ಳಬೇಕೆಂದರೆ ಕುರಮಾಯೆಯ ಕಾಕಿಮೊರಿ, ದಿನಬಳಕೆಗೆ ಲಾಫ್ಟ್. ತೆರಿಗೆ ವಿನಾಯಿತಿ ಪ್ರವಾಸಿಗರಿಗೆ. ಕೆಲಸದ ವೀಸಾದಲ್ಲಿ ಬಂದು ನಿವಾಸದ ಕಾರ್ಡು ಪಡೆದ ನಿಮಗಿಲ್ಲ. ಬೆಲೆಯ ಚೀಟಿಯಲ್ಲಿ ದಪ್ಪ ಅಂಕಿ ತೆರಿಗೆ ಸೇರದ ಬೆಲೆಯಾಗಿದ್ದು, ಕೊಡಬೇಕಾದ್ದು ಅದರ ಕೆಳಗಿನ ಸಣ್ಣ ಅಂಕಿಯಾಗಿರುವುದುಂಟು. ಶೇಕಡಾ 10ರ ವ್ಯತ್ಯಾಸ ಅದು.

ಒಂದು ಮಾತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಣ ಇಟ್ಟು ಕೊಡುವ ಲಕೋಟೆಗಳನ್ನು ಅವುಗಳ ಅಂದಕ್ಕೆ ಮಾರುಹೋಗಿ ಕೊಳ್ಳಬೇಡಿ. ಕೆಂಪು ಬಿಳಿ ದಾರವನ್ನು ಬಿಚ್ಚಿ ಮತ್ತೆ ಕಟ್ಟಬಹುದಾದಂತೆ ಚಿಟ್ಟೆಗಂಟು ಹಾಕಿದ್ದು ಮಗು ಹುಟ್ಟಿದ್ದಕ್ಕೆ, ಬಿಚ್ಚಲಾಗದ ಗಂಟು ಮದುವೆಗೆ, ಕಪ್ಪು ಬಿಳಿ ದಾರ ಸಾವಿನ ಮನೆಗೆ. ಸಾವಿನ ಮನೆಯ ಲಕೋಟೆಯ ಮೇಲೆ ಹೆಸರು ಬರೆಯಲು ಕಣ್ಣೀರು ಬಿದ್ದು ತಿಳಿಯಾಯಿತೋ ಎಂಬಂಥ ಬೂದು ಶಾಯಿಯ ಕುಂಚದ ಪೆನ್ನೇ ಬೇರೆ ಇದೆ. ಮುಯ್ಯಿಗೆ ನೂರೊಂದು, ಐನೂರೊಂದು ಬರೆಸಿ ಬೆಳೆದ ನಮಗೆ, ಮದುವೆಯ ಉಡುಗೊರೆಯಲ್ಲಿ ಸಮಸಂಖ್ಯೆ ಆಗದು ಎಂಬ ಇವರ ಎಣಿಕೆ ಬಿಡಿಸಿ ಹೇಳದೆಯೂ ತಿಳಿಯುತ್ತದೆ. ಆದರೆ ಆ ಒಂದು ರೂಪಾಯಿಯ ನೆನಪಿಗೆ ನಾಣ್ಯ ಅಂಟಿಸಲು ಹೋಗಬೇಡಿ.

ಇನ್ನು ನಿಮ್ಮ ತಂದೆಯವರ ಪೆನ್ನಿನ ವಿಷಯ. 2011ರ ದೀಪಾವಳಿಗೆ ಹೊಸಪೇಟೆಗೆ ಹೋದಾಗ ನಾನು ಅಮ್ಮನಿಗೆ ಒಂದು ಒಳ್ಳೆಯ ನೋಟ್‌ಬುಕ್ಕನ್ನೂ, ಬರೆದದ್ದನ್ನು ಬೆನ್ನಿನ ರಬ್ಬರಿನಿಂದ ಉಜ್ಜಿ ಅಳಿಸಬಹುದಾದ ಆರು ಪೆನ್ನುಗಳನ್ನೂ ಕೊಂಡುಹೋಗಿದ್ದೆ. ಅಜ್ಜಿಯಿಂದ ಕಲಿತ ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಆರತಿ ಹಾಡುಗಳೆಲ್ಲ ಅಮ್ಮನ ಬಾಯಲ್ಲಿದ್ದವು. ಬರೆದಿಡು ಎಂದರೆ, ತಪ್ಪಾದರೆ ಚಿತ್ತಾಗುತ್ತದೆ, ಹಾಳೆ ಹಾಳು ಎನ್ನುತ್ತಿದ್ದಳು. ಈ ಪೆನ್ನಿನಲ್ಲಿ ಚಿತ್ತೇ ಇಲ್ಲ ನೋಡು ಎಂದು ಉಜ್ಜಿ ತೋರಿಸಿದಾಗ ನನಗಿದ್ದ ಹೆಮ್ಮೆಯನ್ನು, ಜಪಾನನ್ನೇ ನಾನು ಕಟ್ಟಿದೆನೋ ಎಂಬಂಥ ಆ ಹೆಮ್ಮೆಯನ್ನು, ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಅಮ್ಮ ಐದು ತಿಂಗಳು ಮಧ್ಯಾಹ್ನದ ಹೊತ್ತು ಕೂತು ಅರವತ್ತಕ್ಕೂ ಹೆಚ್ಚು ಪುಟ ಬರೆದಳು. ಏಪ್ರಿಲಿನಲ್ಲಿ ತಮ್ಮ ಅದನ್ನು ಜೆರಾಕ್ಸ್ ಮಾಡಿಸಲೆಂದು ಒಯ್ದವನು, ದಾರಿಯಲ್ಲಿ ಒಂದು ಮದುವೆಗೆ ಇಳಿದು, ನೋಟ್‌ಬುಕ್ಕನ್ನು ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಬಿಟ್ಟು ಊಟ ಮುಗಿಸಿ ಬಂದ. ಜೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಹಾಳೆಗಳೆಲ್ಲ ಬಿಳಿ. ಓರೆ ಮಾಡಿ ಹಿಡಿದರೆ ಪೆನ್ನು ಒತ್ತಿದ ಗುಳಿಗಳು ಮಾತ್ರ ಕಾಣುತ್ತಿದ್ದವಂತೆ.

ಆ ಇಂಕನ್ನು ಅಳಿಸುವುದು ರಬ್ಬರಲ್ಲ, ಉಜ್ಜಿದಾಗ ಹುಟ್ಟುವ ಬಿಸಿ. ಸುಮಾರು 60 ಡಿಗ್ರಿಗೆ ಅದರ ಬಣ್ಣ ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಮುಂಗಟ್ಟೆ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಪ್ರಮಾಣಪತ್ರಕ್ಕೆ, ಲಕೋಟೆಯ ವಿಳಾಸಕ್ಕೆ ಬಳಸಬೇಡಿ ಎಂದು ಪ್ಯಾಕೆಟ್ಟಿನ ಹಿಂಬದಿ ಜಪಾನಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಎರಡು ವರ್ಷ ಇಲ್ಲಿದ್ದೂ ಅದನ್ನು ಓದಲು ಬಾರದವಳು, ಓದಿಸಿ ಕೇಳಲು ಸಂಕೋಚಪಟ್ಟವಳು ನಾನು. ವಿಷಯ ತಿಳಿದ ನನ್ನ ಸಹೋದ್ಯೋಗಿಯೊಬ್ಬರು, ಸೊನ್ನೆಗಿಂತ ಹತ್ತು ಇಪ್ಪತ್ತು ಡಿಗ್ರಿ ಕೆಳಗೆ ತಣಿಸಿದರೆ ಬಣ್ಣ ಮರಳುತ್ತದೆ ಎಂದರು. ತಮ್ಮ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಐಸಿನ ಗೂಡಿನಲ್ಲಿ ಎರಡು ದಿನ ಇಟ್ಟ. ಅಕ್ಷರಗಳು ಮಸುಕಾಗಿ ಬಂದವು, ಆದರೆ ಅಮ್ಮ ಉಜ್ಜಿ ತೆಗೆದಿದ್ದ ಅಕ್ಷರಗಳೂ ಅವುಗಳ ಜೊತೆಗೇ ಎದ್ದು ಬಂದವು. ಒಂದೇ ಗೆರೆಯ ಮೇಲೆ ಎರಡು ಸಾಲು, ಕೆಲವೆಡೆ ಮೂರು. ಕೂತು ತಿದ್ದಿ ಕೊಡುತ್ತೇನೆ ಎಂದಳು ಅಮ್ಮ, ಕಣ್ಣಿನ ಪೊರೆಯ ಆಪರೇಷನ್ ಆಗಲಿ, ಮಳೆಗಾಲ ಕಳೆಯಲಿ ಎಂದು ಮುಂದೂಡಿದಳು, ನಾನೂ ಒತ್ತಾಯಿಸಲಿಲ್ಲ. 2016ರಲ್ಲಿ ಅವಳು ತೀರಿಕೊಂಡಳು.

ಈಗ ಆ ನೋಟ್‌ಬುಕ್ಕು ನನ್ನ ಬಳಿ ಇದೆ. ಭೂತಗನ್ನಡಿ ಹಿಡಿದು ಓದಿದರೆ, ಅಜ್ಜಿ ಹಾಡುತ್ತಿದ್ದ ‘ಹಂದ್ರ’ ಎಂಬ ಮಾತಿನ ಮೇಲೆಯೇ ‘ಚಪ್ಪರ’ ಎಂದಿದೆ, ‘ಬಾರವ್ವ’ನ ಮೇಲೆ ‘ಬಾರಮ್ಮ’ ಎಂದಿದೆ. ಮಗಳಿಗೆ ಚೆಂದದ ಕನ್ನಡದಲ್ಲಿ ಬರೆದುಕೊಡಬೇಕೆಂದು ಅಮ್ಮ ಅಜ್ಜಿಯ ಮಾತನ್ನು ಅಳಿಸಿದಳೋ, ಅಥವಾ ಮೊದಲು ಹಾಗೆ ಬರೆದು, ಬೇಡವೆನಿಸಿ ಅಜ್ಜಿಯ ಮಾತಿಗೇ ಮರಳಿದಳೋ, ಹೇಳುವವರು ಯಾರೂ ಇಲ್ಲ.

ಆದ್ದರಿಂದ ತಂದೆಯವರು ಏನು ಬರೆಯುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಉಳಿಯಬೇಕಾದ ಬರಹವಾಗಿದ್ದರೆ ಅಂಗಡಿಯಲ್ಲಿ ‘ಗಾನ್ರ್ಯೋ’ ಎಂದು ಕೇಳಿ. ನೀರಿಗೆ, ಬಿಸಿಲಿಗೆ ತಾಳುವ ವರ್ಣಕಣಗಳ ಶಾಯಿ ಅದು. ‘ಸೆನ್ರ್ಯೋ’ ಎಂದರೆ ನೀರಿನಲ್ಲಿ ಕರಗಿರುವ ಬಣ್ಣ, ನೋಡಲು ಸೊಗಸು, ಬಾಳಿಕೆ ಕಡಿಮೆ. ಯೂನಿಬಾಲ್ ಸಿಗ್ನೊ, ಜೀಬ್ರಾದವರ ಸರಾಸಾ, ಇವು ಗಾನ್ರ್ಯೋ ಇರುವ ಜೆಲ್ ಪೆನ್ನುಗಳು, ಅಗ್ಗದವು, ರೀಫಿಲ್ಲೂ ಸಿಗುತ್ತವೆ. ಇಂಕ್ ಪೆನ್ನೇ ಬೇಕೆಂದರೆ ಪ್ಲಾಟಿನಂನ ಕಾರ್ಬನ್ ಬ್ಲ್ಯಾಕ್ ಇಂಕು ಒಳ್ಳೆಯದು, ಆದರೆ ದಿನವೂ ಬರೆಯದವರ ಪೆನ್ನಿನಲ್ಲಿ ಅದು ಒಣಗಿ ಕಟ್ಟಿಕೊಳ್ಳುತ್ತದೆ. ಕೊಳ್ಳುವ ಮೊದಲು ಪ್ಯಾಕೆಟ್ಟಿನ ಹಿಂಬದಿಯ ಫೋಟೊ ತೆಗೆದು ನನಗೆ ಕಳಿಸಿ, ಓದಿ ಹೇಳುತ್ತೇನೆ, ಸಂಕೋಚ ಬೇಡ.

ಊರಿನಿಂದ ಪೆನ್ನು, ಪುಸ್ತಕ ಏನನ್ನೂ ತರಬೇಡಿ. ಸಾಧ್ಯವಾದರೆ ನನಗಾಗಿ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕ ಎರಡನ್ನು ತನ್ನಿ, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಇರುವಂಥದ್ದು. ಅದರ ಹಾಳೆ ಇಂಕು ಹೀರುತ್ತದೆ ಎಂಬುದು ಗೊತ್ತಿದೆ. ಅಮ್ಮನ ಹಾಡುಗಳನ್ನು ಅದರಲ್ಲಿ ನಕಲು ಮಾಡಿಡುತ್ತಿದ್ದೇನೆ, ಒಂದು ಸಾಲು ಎಡಕ್ಕೆ, ಅದರ ಮೇಲೆ ಬಿದ್ದ ಸಾಲು ಬಲಕ್ಕೆ. ಮೂವತ್ತೊಂದನೆಯ ಪುಟದವರೆಗೆ ಬಂದಿದ್ದೇನೆ, ಇದ್ದ ಪುಸ್ತಕ ಮುಗಿದಿದೆ.