ಕ್ರಿಯಾಟಿನಿನ್ ಏರಿತೆಂದು ಮಾತ್ರೆ ನಿಲ್ಲಿಸಿದವರಿಗೆ: ಸಂಪಾದಕರ ಉತ್ತರ

(ಪತ್ರದ ಸಾರ: ಮೂತ್ರಪಿಂಡದ ಸಂಶೋಧಕ ಬ್ಯಾರಿ ಬ್ರೆನ್ನರ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಸಕ್ಕರೆ ಕಾಯಿಲೆಯಿರುವ ತಾಯಿಗೆ ಬೇಳೆಕಾಳು ಬಿಡಿಸಿದೆವು. ವೈದ್ಯರು ಬರೆದುಕೊಟ್ಟ ಲೋಸಾರ್ಟಾನ್ ಎಂಬ ರಕ್ತದೊತ್ತಡದ ಮಾತ್ರೆ ಶುರುವಾದ ಮೂರು ವಾರಕ್ಕೆ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ 1.4ರಿಂದ 1.6ಕ್ಕೆ ಏರಿತು, ಹೆದರಿ ನಾವೇ ಮಾತ್ರೆ ನಿಲ್ಲಿಸಿದೆವು. ಇಲಿಗಳ ಮೇಲಿನ ಪ್ರಯೋಗವನ್ನು ನಂಬಿ ಮನುಷ್ಯರಿಗೆ ಔಷಧ ಕೊಡುವುದು ಸರಿಯೇ? ದಿನಕ್ಕೆರಡು ಎಳನೀರು ಕೊಡುತ್ತಿದ್ದೇವೆ, ಮುಂದುವರಿಸಬಹುದೇ? — ಓದುಗರು, ಮಂಡ್ಯ ತಾಲ್ಲೂಕು)

ಮಾನ್ಯರೇ,

ಮೊದಲಿಗೆ ನಮ್ಮ ತಪ್ಪು. ಪ್ರೋಟೀನ್ ತಗ್ಗಿಸಿದರೆ ಮೂತ್ರಪಿಂಡ ಉಳಿಯುತ್ತದೆ ಎಂಬರ್ಥದ ವಾಕ್ಯವೊಂದು ಆ ಲೇಖನದಲ್ಲಿ ಉಳಿದುಕೊಂಡಿತ್ತು. ಅಷ್ಟು ಖಚಿತವಾಗಿ ಬರೆಯಲು ಆಧಾರವಿರಲಿಲ್ಲ. ಬ್ರೆನ್ನರ್ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪ್ರೋಟೀನ್ ಹೆಚ್ಚಿರುವ ಊಟವು ಮೂತ್ರಪಿಂಡದ ಸೋಸುವ ಕೆಲಸವನ್ನು ಸದಾ ಏರುಮಟ್ಟದಲ್ಲಿಟ್ಟು ಅದನ್ನು ಸವೆಸುತ್ತದೆ ಎಂದು ವಾದಿಸಿದ್ದು ನಿಜ. ಆದರೆ ಅಮೆರಿಕದಲ್ಲಿ 840 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಪ್ರೋಟೀನ್ ಇಳಿಸಿದ್ದರಿಂದ ಸ್ಪಷ್ಟವಾದ ಲಾಭ ಕಾಣಲಿಲ್ಲ. ಈಗ ಸಾಮಾನ್ಯವಾಗಿ ಹೇಳುವ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ. ಮುದ್ದೆ ಬಸ್ಸಾರು ಉಣ್ಣುವ ಹಿರಿಯರು ಅದನ್ನು ಮೀರುವುದೇ ಅಪರೂಪ. ಆದ್ದರಿಂದ ತಾಯಿಯವರ ತಟ್ಟೆಗೆ ಬೇಳೆಯನ್ನೂ ಅವರೆಕಾಳನ್ನೂ ದಯವಿಟ್ಟು ಮರಳಿಸಿ.

ಮಾತ್ರೆಯ ಮಾತು ಬೇರೆ. ಒಂದೊಂದು ಮೂತ್ರಪಿಂಡದಲ್ಲಿಯೂ ಸರಾಸರಿ ಹತ್ತು ಲಕ್ಷದಷ್ಟು ಸೋಸುವ ಘಟಕಗಳಿರುತ್ತವೆ. ಕಾಯಿಲೆಯಿಂದ ಕೆಲವು ಹಾಳಾದಾಗ ಉಳಿದವು ಅವುಗಳ ಪಾಲಿನ ಕೆಲಸವನ್ನೂ ಹೊತ್ತುಕೊಳ್ಳುತ್ತವೆ, ಒಳಗಿನ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಅವೂ ಒಂದೊಂದಾಗಿ ಕೆಡುತ್ತವೆ ಎಂಬುದೇ ಬ್ರೆನ್ನರ್ ಸಿದ್ಧಾಂತದ ತಿರುಳು. ಇದನ್ನು ಅವರು ಇಲಿಗಳಲ್ಲಿ ನೋಡಿದ್ದಕ್ಕೆ ಕಾರಣವಿದೆ: ಮ್ಯೂನಿಕ್-ವಿಸ್ಟಾರ್ ಎಂಬ ತಳಿಯ ಇಲಿಗಳಲ್ಲಿ ಸೋಸುವ ರಕ್ತನಾಳಗಳ ಗೊಂಚಲುಗಳು ಮೂತ್ರಪಿಂಡದ ಮೇಲ್ಮೈಯಲ್ಲೇ ಸಿಗುವುದರಿಂದ, ಕೂದಲಿಗಿಂತ ಸಣ್ಣ ಗಾಜಿನ ನಳಿಕೆ ಚುಚ್ಚಿ ಒತ್ತಡವನ್ನು ನೇರವಾಗಿ ಅಳೆಯಬಹುದು. 1971ರ ಆ ಅಳತೆಯಿಲ್ಲದೆ ಮುಂದಿನದೇನೂ ಇಲ್ಲ.

ಆ ಗೊಂಚಲನ್ನು ನಿಮ್ಮ ಊರಿನ ಕೆರೆಯೆಂದು ಭಾವಿಸಿ. ಒಂದು ನಾಳ ರಕ್ತವನ್ನು ಒಳತರುತ್ತದೆ, ಇನ್ನೊಂದು ಹೊರಗೊಯ್ಯುತ್ತದೆ. ಹೊರಗೊಯ್ಯುವ ತೂಬು ಕಿರಿದಾದರೆ ನೀರು ಏರಿ, ಭಾರವೆಲ್ಲ ಏರಿಯ ಮೇಲೆ ಬೀಳುತ್ತದೆ. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ಆ ತೂಬನ್ನು ಬಿಗಿಯುತ್ತದೆ. ಲೋಸಾರ್ಟಾನ್ ಅದನ್ನು ಸಡಿಲಿಸುತ್ತದೆ. ಒತ್ತಡ ಇಳಿದಾಗ ಸೋಸುವುದೂ ಆರಂಭದಲ್ಲಿ ಕೊಂಚ ತಗ್ಗುವುದರಿಂದ ಕ್ರಿಯಾಟಿನಿನ್ ತುಸು ಏರುತ್ತದೆ. ನಿಮ್ಮನ್ನು ಹೆದರಿಸಿದ ಏರಿಕೆ ಶೇ. 14ರಷ್ಟು, ಮೊದಲ ನಾಲ್ಕು ವಾರಗಳಲ್ಲಿ ಶೇ. 30ನ್ನು ಮೀರದಿದ್ದರೆ ವೈದ್ಯರು ಸಾಮಾನ್ಯವಾಗಿ ಮಾತ್ರೆಯನ್ನು ಮುಂದುವರಿಸುತ್ತಾರೆ. ಪರೀಕ್ಷೆ ಬರೆದುಕೊಡುವಾಗಲೇ ಇದನ್ನು ಎರಡು ಮಾತಿನಲ್ಲಿ ಹೇಳಿದ್ದರೆ ನೀವು ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇನ್ನು ಮನುಷ್ಯರಲ್ಲಿ ಪರೀಕ್ಷೆಯಾಗಿದೆಯೇ ಎಂದರೆ, ಆಗಿದೆ. ಅದೇ ಬಗೆಯ ಪರಿಣಾಮವುಳ್ಳ ಕ್ಯಾಪ್ಟೋಪ್ರಿಲ್ ಔಷಧವನ್ನು ಟೈಪ್ 1 ಮಧುಮೇಹದ 409 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1993ರಲ್ಲಿ ಬಂತು. ಸಾವು, ಡಯಾಲಿಸಿಸ್, ಕಸಿ ಇವು ಮೂರನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಅಪಾಯ ಅರ್ಧದಷ್ಟು ಇಳಿದಿತ್ತು. ನಿಮ್ಮ ತಾಯಿಯವರ ಮಾತ್ರೆಯನ್ನೇ ಟೈಪ್ 2 ಮಧುಮೇಹದ 1,513 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದವರಲ್ಲಿ ಬ್ರೆನ್ನರ್ ಅವರೇ ಮೊದಲಿಗರು. ಮೂತ್ರಪಿಂಡ ಪೂರ್ತಿ ಕೈಕೊಡುವ ಅಪಾಯ ಅದರಲ್ಲಿ ಶೇ. 28ರಷ್ಟು ಕಡಿಮೆಯಾಯಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಅದೇ ಪ್ರಬಂಧ ಹೇಳುತ್ತದೆ. ನಮ್ಮ ಲೇಖನ ಅದನ್ನು ಬಿಟ್ಟಿತ್ತು.

ನೀವು ಕೇಳದಿದ್ದರೂ ಒಂದು ಮಾತು. ತಾಯಿಯವರು ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಡೈಕ್ಲೋಫೆನಾಕ್‌ನಂಥವು ರಕ್ತವನ್ನು ಒಳತರುವ ನಾಳವನ್ನೇ ಬಿಗಿಯುತ್ತವೆ. ಅತ್ತ ನೀರು ಬರುವುದೂ ನಿಂತು, ಇತ್ತ ತೂಬೂ ತೆರೆದಿದ್ದರೆ ಕೆರೆಯ ಗತಿ ಏನೆಂದು ರೈತರಾದ ನಿಮಗೆ ನಾವು ವಿವರಿಸಬೇಕಿಲ್ಲ. ವಾಂತಿಭೇದಿಯಾದ ದಿನಗಳಲ್ಲಿಯೂ ಇದೇ ಎಚ್ಚರ ಬೇಕು.

ಎಳನೀರಿನ ಪ್ರಶ್ನೆಗೆ ಉತ್ತರ ಕಹಿಯಾದೀತು, ಅದರಲ್ಲಿಯೂ ಮದ್ದೂರಿನ ಮಾರುಕಟ್ಟೆ ಕೈಗೆಟುಕುವಷ್ಟು ಹತ್ತಿರವಿರುವವರಿಗೆ. ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳ. ದುರ್ಬಲವಾದ ಮೂತ್ರಪಿಂಡ ಅದನ್ನು ಹೊರಹಾಕಲು ಹೆಣಗುತ್ತದೆ, ಲೋಸಾರ್ಟಾನ್ ಅದನ್ನು ಇನ್ನಷ್ಟು ಏರಿಸಬಹುದು, ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸದ್ಯಕ್ಕೆ ಎಳನೀರನ್ನು ನಿಲ್ಲಿಸಿ, ಎರಡೂ ವರದಿಗಳನ್ನು ತೆಗೆದುಕೊಂಡು ಅದೇ ವೈದ್ಯರ ಬಳಿ ಈ ವಾರವೇ ಹೋಗಿ, ಮಾತ್ರೆಯನ್ನು ಮತ್ತೆ ಯಾವಾಗ ಆರಂಭಿಸಬೇಕೆಂದು ಕೇಳಿ. ಪೊಟ್ಯಾಷಿಯಂ ಎಷ್ಟಿದೆಯೆಂದು ನೋಡಿದ ಮೇಲೆ ಎಳನೀರಿನ ವಿಷಯವನ್ನೂ ಅವರೇ ತೀರ್ಮಾನಿಸಲಿ.

— ಸಂಪಾದಕ, ಮೈಸೂರು