ದೋಸೆ ಹಿಟ್ಟಿಗೂ ಪುನರ್ಪುಳಿಗೂ ಒಂದೇ ಪಂಪ್ ಸಾಕೇ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮದೊಂದು ಸಣ್ಣ ಘಟಕ ಇದೆ. ವರ್ಷವಿಡೀ ದೋಸೆ, ಇಡ್ಲಿ ಹಿಟ್ಟು. ಬೇಸಿಗೆಯಲ್ಲಿ ಉಪ್ಪು, ಜೀರಿಗೆ ಹಾಕಿದ ಪುನರ್ಪುಳಿ ಸಿರಪ್. ಟ್ಯಾಂಕಿನಿಂದ ಪ್ಯಾಕಿಂಗ್ ಮೆಷಿನ್‌ಗೆ ಸಾಗಿಸಲು ಸ್ಟೀಲಿನ ಸೆಂಟ್ರಿಫ್ಯೂಗಲ್ ಪಂಪ್ ಇಟ್ಟುಕೊಂಡಿದ್ದೇವೆ. ಸಿರಪ್ ಸಲೀಸಾಗಿ ಹೋಗುತ್ತದೆ. ಉಕ್ಕಿದ ಹಿಟ್ಟು ಬಂದರೆ ಪಂಪ್ ಬರೀ ಸದ್ದು ಮಾಡುತ್ತದೆ. ಹೇಗೋ ದಾಟಿ ಬಂದ ಹಿಟ್ಟಿನ ಇಡ್ಲಿಯೂ ಗಟ್ಟಿ. ದಿನಾ ಬಿಸಿನೀರು ಹಾಯಿಸಿದರೂ ಬೆಳಿಗ್ಗೆ ಪಂಪಿನ ಬಾಯಲ್ಲಿ ಹುಳಿ ವಾಸನೆ. ಎರಡಕ್ಕೂ ಒಂದು ಲೋಬ್ ಪಂಪ್ ಸಾಕು, 304 ದರ್ಜೆಯ ಸ್ಟೀಲ್ ಧಾರಾಳ ಆಯಿತು ಎನ್ನುತ್ತಾರೆ ಅಂಗಡಿಯವರು. ತೆಗೆದುಕೊಳ್ಳಬಹುದೇ ಸರ್?

ಉತ್ತರ: ಮೊದಲು ಆ ಬಿಸಿನೀರು ನಿಲ್ಲಿಸಿ ಮಾರಾಯ್ರೇ! ಗ್ರೈಂಡರ್ ತೊಳೆಯಲು ಮನೆಯಲ್ಲಿ ಯಾರಾದರೂ ಕುದಿನೀರು ಹೊಯ್ಯುತ್ತಾರೆಯೇ? ಹೊಯ್ದರೆ ಅಂಟಿದ ಹಿಟ್ಟು ಬೆಂದು ಗಂಜಿಯಾಗಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ನಿಮ್ಮ ಪಂಪಿನೊಳಗೆ ದಿನಾ ಆಗುತ್ತಿರುವುದು ಇದೇ.

ಕಳೆದ ಮಳೆಗಾಲದಲ್ಲಿ ಮಂಗಳೂರು ಕಡೆಯ ಒಂದು ಘಟಕದಲ್ಲಿ ಇಂಥದೇ ಪಂಪ್ ಬಿಚ್ಚಿದ್ದೆ. ಇಂಪೆಲ್ಲರಿನ (ಒಳಗೆ ತಿರುಗುವ ಚಕ್ರದ) ಮುಂಭಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂಭಾಗದಲ್ಲಿ, ತಿರುಗುವ ದಂಡದ ಬಳಿ ಸೋರದಂತೆ ತಡೆಯುವ ಸೀಲಿನ ಸ್ಪ್ರಿಂಗ್ ಸುರುಳಿಗಳ ನಡುವೆ, ಕಂದು ಬಣ್ಣದ ಮೇಣದಂಥ ಪದರ. ಉಗುರಿನಲ್ಲಿ ಕೆರೆದದ್ದೇ ತಡ, ಹಳಸಿದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಹೊಸ ಹಿಟ್ಟಿಗೆ ದಿನಾ ಅಲ್ಲಿಂದಲೇ ಹಳೇ ಹುಳಿ ಸೇರುತ್ತಿತ್ತು.

ಕೆಲಸ ಮುಗಿದ ಕೂಡಲೇ ತಣ್ಣೀರು ಬಿಡಿ, ತಿಳಿಯಾಗಿ ಹೊರಬರುವವರೆಗೆ. ಆಮೇಲೆ ಶೇ. 1ರಿಂದ 1.5ರಷ್ಟು ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು 70–75 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 15–20 ನಿಮಿಷ ಸುತ್ತಿಸಿ, ಮತ್ತೆ ನೀರಿನಲ್ಲಿ ತೊಳೆದು, ಕಾಸ್ಟಿಕ್ ಉಳಿದಿಲ್ಲ ತಾನೇ ಎಂದು ಪಿಎಚ್ ಕಾಗದದಲ್ಲಿ ನೋಡಿಕೊಳ್ಳಿ. ಕೈಗವಸು, ಕನ್ನಡಕ ಮರೆಯಬೇಡಿ.

ಇನ್ನು ಗಟ್ಟಿ ಇಡ್ಲಿ. ಸೆಂಟ್ರಿಫ್ಯೂಗಲ್ ಪಂಪಿನ ಮೋಟಾರ್ ಸಾಮಾನ್ಯವಾಗಿ ನಿಮಿಷಕ್ಕೆ 2,900 ಸುತ್ತಿನದು. ಉಕ್ಕಿದ ಹಿಟ್ಟಿನ ತುಂಬ ಗಾಳಿಗುಳ್ಳೆ. ಆ ವೇಗಕ್ಕೆ ಸಿಕ್ಕರೆ ಗುಳ್ಳೆ ಒಡೆಯುತ್ತದೆ, ಇಡ್ಲಿ ಗಟ್ಟಿಯಾಗುವುದು ಅದಕ್ಕೇ. ಹೊರಬಂದ ಗಾಳಿಯೆಲ್ಲ ಇಂಪೆಲ್ಲರಿನ ನಡುವೆ ಕಟ್ಟಿಕೊಳ್ಳುತ್ತದೆ. ಪಂಪ್ ಎಳೆಯುವುದನ್ನೇ ಬಿಡುತ್ತದೆ. ನಿಮಗೆ ಕೇಳಿಸುವ ಸದ್ದು ಅದೇ. ಲೋಬ್ ಪಂಪ್‌ನಲ್ಲಿ ಎರಡು ರೋಟರ್‌ಗಳು ಒಂದಕ್ಕೊಂದು ತಾಗದೆ ನಿಧಾನ ತಿರುಗುತ್ತ, ಹಿಟ್ಟನ್ನು ಬೊಗಸೆ ಬೊಗಸೆಯಾಗಿ ಆಚೆ ಹಾಕುತ್ತವೆ. ಹಿಟ್ಟಿಗೆ ಅದು ಒಳ್ಳೆಯದೇ. ರಬ್ಬರ್ ಕೊಳವೆಯೊಳಗೆ ತಿರುಪಿನಂಥ ದಂಡ ತಿರುಗುವ ಮೋನೋ ಪಂಪ್ ಕೂಡ ಆಗುತ್ತದೆ, ಆದರೆ ಟ್ಯಾಂಕ್ ಖಾಲಿಯಾದದ್ದು ಯಾರೂ ನೋಡದಿದ್ದರೆ ಆ ರಬ್ಬರ್ ಕೊಳವೆ (ಸ್ಟೇಟರ್) ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಲೋಬ್ ಪಂಪ್‌ಗೆ ಒತ್ತಡ ಹೆಚ್ಚಿದರೆ ತಾನೇ ತೆರೆಯುವ ರಿಲೀಫ್ ವಾಲ್ವ್ ಇರಲೇಬೇಕು: ಮುಂದಿನ ವಾಲ್ವ್ ಮುಚ್ಚಿದ್ದರೂ ಪಂಪ್ ತಳ್ಳುತ್ತಲೇ ಇರುತ್ತದೆ, ಪೈಪೋ ಸೀಲೋ ಒಡೆಯುವವರೆಗೆ.

ನನ್ನನ್ನು ಕೇಳಿದರೆ ಇನ್ನೂ ಅಗ್ಗದ ದಾರಿ ಇದೆ. ಅರೆದ ಕೂಡಲೇ, ಉಕ್ಕುವ ಮೊದಲೇ ಹಿಟ್ಟನ್ನು ಸಾಗಿಸಿ ತುಂಬಿಸಿ. ಪ್ಯಾಕೆಟಿನಲ್ಲಿ ಉಕ್ಕಲು ಜಾಗ ಬಿಟ್ಟರಾಯಿತು.

ಅಂಗಡಿಯವರು ಹೇಳದೆ ಬಿಟ್ಟದ್ದೊಂದಿದೆ. ಪೈಪಿನ ಒಳಮೈ ತೊಳೆದುಹೋಗಬೇಕಾದರೆ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಓಡಬೇಕು. ಒಂದೂವರೆ ಇಂಚಿನ ಡೈರಿ ಪೈಪಿಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 5,000 ಲೀಟರ್. ಗಂಟೆಗೆ 1,000 ಲೀಟರ್ ಹಿಟ್ಟು ಸಾಗಿಸುವ ಲೋಬ್ ಪಂಪ್‌ನಿಂದ ಅದು ಆಗುವ ಮಾತಲ್ಲ. ಹಾಗಾಗಿ ನಿಮ್ಮ ಹಳೇ ಪಂಪನ್ನು ಗುಜರಿಗೆ ಹಾಕಬೇಡಿ. ಬಿಚ್ಚಿ, ಉಜ್ಜಿ, ಸೀಲ್ ಬದಲಿಸಿ ಸಿರಪ್‌ಗೂ ತೊಳೆಯುವ ನೀರಿಗೂ ಅದನ್ನೇ ಇಟ್ಟುಕೊಳ್ಳಿ. ತೊಳೆಯುವಾಗ ಹೆಚ್ಚಿನ ನೀರು ಲೋಬ್ ಪಂಪನ್ನು ಸುತ್ತಿ ಹೋಗುವಂತೆ ಒಂದು ಬೈಪಾಸ್ ಪೈಪ್ ಇರಲಿ.

304ರ ಮಾತು ಹಿಟ್ಟಿಗೆ ಸರಿ. ಪುನರ್ಪುಳಿಗೆ ನಾನು ಒಪ್ಪುವುದಿಲ್ಲ. ಹುಳಿಯ ಜೊತೆ ಉಪ್ಪು ಸೇರಿದರೆ ಅದರ ಕ್ಲೋರೈಡ್ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ಗುಂಡಿ ಕೊರೆಯುತ್ತದೆ. ಆ ಗುಂಡಿಯೊಳಗೆ ಯಾವ ಬ್ರಷ್ಷೂ ಹೋಗದು. ಸಿರಪ್ ಮುಟ್ಟುವ ಭಾಗ 316ಎಲ್ ದರ್ಜೆಯ ಸ್ಟೀಲ್ ಆಗಿರಲಿ. ಈ ಗುಂಡಿಗಳನ್ನು ತಡೆದುಕೊಳ್ಳಲು ಅದರಲ್ಲಿ ಶೇ. 2–3 ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ. ಅಯಸ್ಕಾಂತ ತಾಗಿಸಿ ‘ನೋಡಿ, ಅಂಟುವುದಿಲ್ಲ’ ಎಂದು ತೋರಿಸಿದರೆ ನಕ್ಕು ಸುಮ್ಮನಿರಿ. ಅದು 304ಕ್ಕೂ ಅಂಟುವುದಿಲ್ಲ. ಲೋಹದ ಪರೀಕ್ಷಾ ಪತ್ರ ಕೇಳಿ. ಹಳೇ ಪಂಪ್ 304 ಆಗಿದ್ದರೆ ಉಪ್ಪನ್ನು ಕೊನೆಗೆ, ಪಂಪ್ ದಾಟಿದ ಮೇಲೆ ಬೆರೆಸುವ ಉಪಾಯ ಮಾಡಬಹುದು. ಸಿರಪ್ ಓಡಿಸಿ ನಿಲ್ಲಿಸುವಾಗಲೂ ನೀರು ಹಾಯಿಸಿ; ಸಕ್ಕರೆ ಒಣಗಿ ಸೀಲಿನ ಮುಖಗಳು ಅಂಟಿಕೊಂಡರೆ ಮರುದಿನ ಮೋಟಾರ್ ಹಾಕಿದ ಕೂಡಲೇ ಸೀಲ್ ಹೋಗುತ್ತದೆ.

ದುಡ್ಡು ಕೊಡುವ ಮೊದಲು ನಿಮ್ಮಲ್ಲಿ ದಿನಾ ತೊಳೆಯುವ ಹುಡುಗನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಪಂಪನ್ನು ಅವನ ಕೈಯಲ್ಲೇ ಬಿಚ್ಚಿಸಿ. ಸೀಲಿನ ಸ್ಪ್ರಿಂಗ್ ಹಿಟ್ಟು ತಾಗದ ಕಡೆ ಇದೆಯೇ, ಮೂಲೆಗಳಿಗೆ ಅವನ ಬೆರಳು ಹೋಗುತ್ತದೆಯೇ ನೋಡಿ. ರೋಟರ್ ಹೊರತೆಗೆಯಲು ಅವನಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಬೇರೆ ಮಾಡೆಲ್ ತೋರಿಸಲು ಹೇಳಿ.